ಕಾಫಿಗೆ ಮಡಿಯಿಲ್ಲ

೧೯-೮-೧೯೫೯, ಬುಧವಾರ. ಬೆಳಿಗ್ಗೆ ೬

ಡಿಕಾಕ್ಷನ್ ಇಳಿಯುತ್ತಿಲ್ಲ. ತೊಟ್ಟು... ತೊಟ್ಟು... ಪುಡಿ ತೀರ ನುಣ್ಣಗಾಗಿದೆ. ನಿನ್ನೆ ಕಾಫಿ ಮಿಷನ್ನಿನ ತಿರುಪು ಬಿಗಿ ಮಾಡಿದವನು ನಾನೇ, ಬೈಯಲು ಬೇರೆ ಯಾರೂ ಇಲ್ಲ. ಕಾಯುತ್ತ ಕೂತು ಇದನ್ನು ಬರೆಯುತ್ತಿದ್ದೇನೆ.

ಹಿತ್ತಿಲ ಜಗಲಿ, ಪಂಪ್ ಸ್ಟೌ, ಹಿತ್ತಾಳೆ ಫಿಲ್ಟರ್ — ಇಷ್ಟು ನನ್ನ ರಾಜ್ಯ. ಹೊಸಿಲಿನಾಚೆ ಅಡುಗೆಮನೆ ಅಕ್ಕನದು. ಅಲ್ಲಿಗೆ ನಾನು ಕಾಲಿಡುವಂತಿಲ್ಲ. ಸ್ನಾನ ಮಾಡಿ ಕೆಂಪು ಸೀರೆ ಉಟ್ಟರೆ ಮಧ್ಯಾಹ್ನದ ಊಟ ಮುಗಿಯುವ ತನಕ ಅವಳನ್ನು ಮುಟ್ಟುವಂತೆಯೂ ಇಲ್ಲ. ತಾನೇ ಬೇಯಿಸಿದ್ದು, ದಿನಕ್ಕೊಂದೇ ಊಟ. ಯಾರ ಕೈಯ ನೀರನ್ನೂ ಕುಡಿಯಳು. ನನ್ನ ಕೈಯ ಕಾಫಿ ಮಾತ್ರ ಕುಡಿಯುತ್ತಾಳೆ.

ಆ ಶಾಸ್ತ್ರ ಅವಳೇ ಬರೆದದ್ದು. ನನಗೆ ಹತ್ತು ವರ್ಷವಾಗಿದ್ದಾಗ ಟೈಫಾಯಿಡ್. ಇಪ್ಪತ್ತೊಂದು ದಿನ ಅಕ್ಕ ಹಾಸಿಗೆಯ ಪಕ್ಕ ಬಿಟ್ಟು ಎದ್ದಿರಲಿಲ್ಲ. ಜ್ವರ ಬಿಟ್ಟು ಓಡಾಡುವಂತಾದ ದಿನ ನಾನೇ ಒಲೆ ಹಚ್ಚಿ, ಬೆರಳು ಸುಟ್ಟುಕೊಂಡು, ಅವಳಿಗೆ ಕಾಫಿ ಮಾಡಿಕೊಂಡು ಹೋದೆ. ಅವಳು ಮಡಿಯಲ್ಲಿದ್ದಳು. ಲೋಟ ನೋಡಿದಳು, ನನ್ನ ಮುಖ ನೋಡಿದಳು. "ಕಾಫಿಗೆ ಮಡಿಯಿಲ್ಲ ಕಣೋ, ಕೆಳಗಿಡು" ಅಂದಳು. ಎತ್ತಿ ಕುಡಿದಳು. ಮೂವತ್ನಾಲ್ಕು ವರ್ಷದಿಂದ ಹಾಗೇ ನಡೆದಿದೆ. ಹೊಸಿಲ ಮೇಲೆ ಲೋಟ ಇಡುತ್ತೇನೆ, ಅವಳು ತುಟಿಗೆ ತಗಲಿಸದೆ ಮೇಲಿಂದ ಸುರಿದುಕೊಳ್ಳುತ್ತಾಳೆ.

ಇವತ್ತು ಅವಳು ಬಚ್ಚಲಿಂದ ಅಡುಗೆಮನೆಗೆ ಹೋದ ಮೇಲೆ ಕೆಂಪು ನೆಲದ ಮೇಲೆ ಒದ್ದೆ ಹೆಜ್ಜೆ ನೋಡಿದೆ. ನಡುವೆ ಹಳ್ಳವೇ ಇಲ್ಲ. ಇಡೀ ಪಾದ ಮುದ್ದೆಯಂತೆ ಮೂಡಿದೆ. ಮುಂಚೆ ಹೀಗಿರಲಿಲ್ಲ.

"ಅಕ್ಕ, ಕಾಲು ಊದಿದೆಯಾ?"

"ಐವತ್ತೇಳು ವರ್ಷ ಹೊತ್ತಿದೆ ನನ್ನನ್ನ. ಊದ್ದೆ ಇನ್ನೇನ್ ಮಾಡತ್ತೆ. ಡಿಕಾಕ್ಷನ್ ಇಳೀತೇನೋ ನೋಡು, ಹೋಗು."

೨೩-೮-೫೯, ಭಾನುವಾರ

ಹನುಮಂತನಗರದಿಂದ ಡಾಕ್ಟರ್ ಚನ್ನಬಸವಯ್ಯನವರನ್ನು ಕರೆದುಕೊಂಡು ಬಂದೆ. ಅಕ್ಕ ಮಡಿ ಬಿಚ್ಚಿ ಹಳೆಯ ಸೀರೆಯಲ್ಲಿ ಕೂತಿದ್ದಳು. ಅವರು ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಗುಂಡಿ ಬಿತ್ತು. ಅವರು ಕೈ ತೊಳೆದುಕೊಂಡು ಬಂದರೂ ಗುಂಡಿ ಹಾಗೇ ಇತ್ತು.

"ಏನ್ ಊಟ ಮಾಡ್ತೀರಮ್ಮ?"

"ಅನ್ನ, ಸಾರು."

"ಜೊತೆಗೆ?"

"ಉಪ್ಪಿನಕಾಯಿ."

ಮಜ್ಜಿಗೆ ಕೂಡ ಇಲ್ಲವೇ ಎಂದು ಕೇಳಿದರು. ಚಾತುರ್ಮಾಸ್ಯದ ವಿಷಯ ನಾನೇ ಹೇಳಬೇಕಾಯಿತು. ಮೊದಲ ತಿಂಗಳು ತರಕಾರಿ ಬಿಡುವುದು, ಎರಡನೆಯದು ಮೊಸರು, ಮೂರನೆಯದು ಹಾಲು. ನಾಲ್ಕನೆಯದು ದ್ವಿದಳ — ಎರಡು ಹೋಳಾಗುವ ಕಾಳು ಯಾವುದೂ ಇಲ್ಲ. ಬೇಳೆ, ಕಡಲೆ, ಎಲ್ಲ ನಿಷಿದ್ಧ. ಈಗ ನಡೆಯುತ್ತಿರುವುದು ಮೊಸರಿನ ತಿಂಗಳು. ಅವರು ಕನ್ನಡಕ ತೆಗೆದು ಒರೆಸಿದರು. ಅಂಗಳಕ್ಕೆ ಬಂದ ಮೇಲೆ ಹೇಳಿದ್ದು:

"ಸೇತುರಾಮಯ್ಯನೋರೆ, ನೀವು ಕೆಮಿಸ್ಟ್ರಿಯೋರು, ನಿಮ್ಗೆ ಬಿಡಿಸಿ ಹೇಳ್ಬೇಕಾಗಿಲ್ಲ. ರಕ್ತದಲ್ಲಿ ಪ್ರೋಟೀನ್ ಇಲ್ಲ, ಅದಕ್ಕೇ ನೀರು ನಿಲ್ತಾ ಇದೆ. ಈಗ ಕಾಲಲ್ಲಿದೆ. ಆಮೇಲೆ ಹೊಟ್ಟೆ. ಎದೆಗೆ ಬಂತು ಅಂದ್ರೆ ನನ್ನ ಕೈಲಿ ಇರೋದಿಲ್ಲ."

"ಏನು ಕೊಡ್ಲಿ ಡಾಕ್ಟ್ರೇ?"

"ಮೊಟ್ಟೆ ಅಂತ ಬರ್ಕೊಡ್ಬಹುದು. ಬರ್ಕೊಟ್ಟು ಏನ್ ಬಂತು? ನಿಮ್ಮ ಕೈಯಿಂದ ಆಯಮ್ಮ ಏನ್ ತಗೋತಾರೆ, ಅದು ಹೇಳಿ."

"ಕಾಫಿ."

"ಬೇರೆ?"

"ಕಾಫಿ ಅಷ್ಟೇ."

"ಹಾಗಾದ್ರೆ ಅದರಲ್ಲೇ ಹೋಗ್ಬೇಕು" ಅಂದರು. ಅವರ ಡಿಸ್ಪೆನ್ಸರಿಯಿಂದ ಕೆನೆ ತೆಗೆದ ಹಾಲಿನ ಪುಡಿಯ ಡಬ್ಬ ಒಂದು ಕೊಟ್ಟು ಕಳಿಸಿದರು. ಪರದೇಶದ ಡಬ್ಬ. ಯಾವ ಹಸುವೋ, ಯಾರ ಕೈಯೋ ಎಂದು ಅಕ್ಕ ಕೇಳಿದರೆ ಉತ್ತರವಿಲ್ಲ. ಸೀಮೆಎಣ್ಣೆ ಡಬ್ಬದ ಹಿಂದೆ ಇಟ್ಟಿದ್ದೇನೆ.

೨೫-೮-೫೯

ಎರಡು ಚಮಚ ಪುಡಿಯನ್ನು ಬಿಸಿ ಹಾಲಿಗೆ ನೇರವಾಗಿ ಹಾಕಿದೆ. ಗಂಟು. ಗೋಲಿಯಷ್ಟು ದಪ್ಪ ಗಂಟುಗಳು ತೇಲಿದವು. ಸೋಸಿದರೆ ಪುಡಿಯೆಲ್ಲ ಬಟ್ಟೆಯಲ್ಲೇ ಉಳಿಯಿತು. ಬಿ.ಎಸ್ಸಿ. ಹುಡುಗರಿಗೆ ಕರಗಿಸುವುದು ಹೇಗೆಂದು ಇಪ್ಪತ್ತು ವರ್ಷದಿಂದ ಹೇಳಿಕೊಡುತ್ತಿರುವ ಡೆಮಾನ್‌ಸ್ಟ್ರೇಟರ್ ನಾನು. ಚೆಲ್ಲಿ ಬರೀ ಕಾಫಿ ಕೊಟ್ಟೆ.

೨-೯-೫೯, ಬುಧವಾರ

ಹಾದಿ ಸಿಕ್ಕಿದೆ. ಪುಡಿಗೆ ಮೊದಲು ಎರಡೇ ಚಮಚ ಉಗುರುಬೆಚ್ಚಗಿನ ನೀರು. ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಚಮಚದ ಬೆನ್ನಿನಲ್ಲಿ ಒತ್ತಿ ಒತ್ತಿ ಗಂಟು ಒಡೆಯಬೇಕು. ಆಮೇಲೆ ಹಾಲು, ಸ್ವಲ್ಪ ಸ್ವಲ್ಪವಾಗಿ. ಡಿಕಾಕ್ಷನ್ ಕೊನೆಗೆ. ಎರಡು ನಿಮಿಷದ ಕೆಲಸ. ಅವಸರ ಮಾಡಿದರೆ ಕೆಟ್ಟಿತು.

ಅಕ್ಕ ಕುಡಿದು, "ಮುನಿವೆಂಕಟಮ್ಮ ನೀರು ಹಾಕೋದು ಬಿಟ್ಟಿದಾಳೆ ಕಣೋ. ಹಾಲು ಎಷ್ಟು ಗಟ್ಟಿ ಇದೆ" ಅಂದಳು. ಬೈರಸಂದ್ರದ ಮುನಿವೆಂಕಟಮ್ಮ ಬೆಳಿಗ್ಗೆ ಹಾಲು ಅಳೆಯುವಾಗ ಅಕ್ಕ ಅವಳನ್ನೂ ಹೊಗಳಿದಳು. ಎಂದೂ ಇಲ್ಲದ ಮರ್ಯಾದೆ. ಪಾಪ, ಅವಳಿಗೆ ಗಾಬರಿ.

"ನಾನೇನ್ ಮಾಡಿದ್ನೋ ಸ್ವಾಮಿ?" ಎಂದು ಗೇಟಿನ ಹತ್ತಿರ ನನ್ನನ್ನು ಕೇಳಿದಳು. "ನಿಮ್ಮಕ್ಕಾರು ಇಂಗೆ ಹೇಳುದ್ರೆ ನಂಗೆ ನೀರು ಹಾಕಕ್ಕೆ ಕೈಯೇ ಬರಾಕಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸದ್ಯಕ್ಕೆ ಎರಡೂ ನೆಟ್ಟಗಿವೆ. ಹೆಜ್ಜೆಯಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತಿಲ್ಲ.

೧೪-೯-೫೯, ಸೋಮವಾರ

ಇವತ್ತಿನಿಂದ ಹಾಲಿನ ತಿಂಗಳು. ಅಂದರೆ ಹಾಲು ಇಲ್ಲದ ತಿಂಗಳು. ಡಬ್ಬದ ಪುಡಿಯೂ ಹಾಲೇ. ಎತ್ತಿಟ್ಟೆ. ಕದ್ದು ಹಾಕಲು ಮನಸ್ಸು ಬರಲಿಲ್ಲ. ಇಷ್ಟು ದಿನ ಮುಚ್ಚಿಟ್ಟದ್ದು ಬೇರೆ, ವ್ರತ ಮುರಿಸುವುದು ಬೇರೆ.

ಅಕ್ಕ ಬರೀ ಡಿಕಾಕ್ಷನ್ನಿಗೆ ಬೆಲ್ಲ ಹಾಕಿ ಕೊಡು ಎಂದಳು. ಕೊಟ್ಟೆ. ನೀರಿಗೆ ಬಣ್ಣ ಬಂದ ಹಾಗೆ. ಅದರಲ್ಲಿ ಏನಿದೆ? ಏನೂ ಇಲ್ಲ.

ಮಧ್ಯಾಹ್ನ ಲ್ಯಾಬಿನಲ್ಲಿ ಕೂತು ಯೋಚಿಸಿದೆ. ಕಡಲೆಕಾಯಿ. ನೆನೆಸಿ, ರುಬ್ಬಿ, ಹಿಂಡಿದರೆ ಹಾಲಿನಂಥದೇ ಬರುತ್ತದೆ. ಸಂಜೆ ಅಕ್ಕನನ್ನೇ ಕೇಳಿದೆ.

"ಹಾಲಲ್ಲ ತಾನೆ?" ಅಂದಳು.

"ಅಲ್ಲ. ಬೀಜದ ರಸ."

"ತೆಂಗಿನಕಾಯಿ ಹಾಲು ಹಾಕ್ಕೊಂಡು ಕುಡಿಯೋರಿದಾರೆ. ಇದೂ ಹಾಗೇ. ಮಾಡು, ನೋಡೋಣ."

ಕೇಳಿದರೆ ಒಪ್ಪುತ್ತಾಳೆ. ಇದು ನನಗೆ ಏಕೆ ಮೊದಲೇ ಹೊಳೆಯಲಿಲ್ಲವೋ.

೨೦-೯-೫೯, ಭಾನುವಾರ

ಆರು ದಿನದಲ್ಲಿ ಐದು ಸಲ ಒಡೆಯಿತು. ಬಿಸಿ ಡಿಕಾಕ್ಷನ್ ಬಿದ್ದ ಕೂಡಲೇ ಕಡಲೆಕಾಯಿ ಹಾಲು ಬೇರೆ, ನೀರು ಬೇರೆ. ಡಿಕಾಕ್ಷನ್ನಿನಲ್ಲಿ ಹುಳಿ ಹೆಚ್ಚು ಎಂದು ಐದನೆಯ ದಿನ ತಲೆಗೆ ಹೊಳೆಯಿತು. ಇವತ್ತು ಚಿಟಿಕೆ ಅಡುಗೆ ಸೋಡ ಹಾಕಿದೆ. ಒಡೆಯಲಿಲ್ಲ. ಬೀಜ ಬೆಚ್ಚಗೆ ಹುರಿದು ಸಿಪ್ಪೆ ತೆಗೆದು ನೆನೆಸಿದರೆ ಹಸಿ ವಾಸನೆಯೂ ಇಲ್ಲ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಬೇಕು.

ಅಕ್ಕ ಹೊಸಿಲಾಚೆ ಕೂತು ಎಲ್ಲ ನೋಡುತ್ತಿದ್ದಳು. "ಇಷ್ಟು ವರ್ಷ ಓದಿದ್ದು ಇವತ್ತು ಕೆಲಸಕ್ಕೆ ಬಂತು" ಅಂದಳು. ಕುಡಿದು ಇನ್ನರ್ಧ ಲೋಟ ಕೇಳಿದಳು. ಜೀವಮಾನದಲ್ಲಿ ಅವಳು ಎರಡನೆಯ ಸಲ ಏನನ್ನಾದರೂ ಕೇಳಿದ್ದು ನಾನು ನೋಡಿರಲಿಲ್ಲ.

೪-೧೦-೫೯, ಭಾನುವಾರ

ಹಳ್ಳ ಕಾಣಿಸಿತು. ಒದ್ದೆ ಹೆಜ್ಜೆಯ ಒಳಮಗ್ಗುಲಲ್ಲಿ, ಬೆರಳಗಲ ಒಣ ನೆಲ. ಎರಡೂ ಪಾದಕ್ಕೆ. ನೀರು ಆರುವ ತನಕ ನಿಂತು ನೋಡಿದೆ. ಡಾಕ್ಟರಿಗೆ ಹೇಳಲು ಹನುಮಂತನಗರದ ತನಕ ನಡೆದೇ ಹೋದೆ. ಅವರು ರೋಗಿಗಳನ್ನು ಬಿಟ್ಟು ಎದ್ದು ಬಂದು ಕೈ ಕುಲುಕಿದರು. "ಬಿಡಬೇಡಿ, ಇನ್ನೊಂದು ಮೂರು ತಿಂಗಳು ಬಿಡಬೇಡಿ" ಅಂದರು.

ತುಂಬ ಸಂತೋಷವಾಗಿದೆ. ಬರೆದಿಡುತ್ತೇನೆ, ಇಂಥ ದಿನ ಪದೇ ಪದೇ ಬರುವುದಿಲ್ಲ.

೧೪-೧೦-೫೯, ಬುಧವಾರ

ದ್ವಿದಳದ ತಿಂಗಳು ಶುರು. ಕಡಲೆಕಾಯಿಯ ಡಬ್ಬ ಅಕ್ಕ ತಾನೇ ಕಾಲಲ್ಲಿ ನನ್ನ ಕಡೆಗೆ ದೂಡಿದಳು. "ಇದು ಎರಡು ಹೋಳು. ಇನ್ನು ಮುಟ್ಟೋಹಾಗಿಲ್ಲ." ಸಾರಿಗೆ ಬೇಳೆ ಇಲ್ಲ. ಹುಣಿಸೆಹಣ್ಣಿನ ನೀರು, ಮೆಣಸು, ಅನ್ನ.

ಹಾಲು ಮಾತ್ರ ತಿರುಗಿ ಬಂತು. ಜೊತೆಗೆ ಡಬ್ಬದ ಪುಡಿ. ತಳದಲ್ಲಿ ನಾಲ್ಕು ಬೆರಳು ಉಳಿದಿದೆ. ಒಂದು ವಾರಕ್ಕೆ ಬರಬಹುದು.

೨೨-೧೦-೫೯, ಗುರುವಾರ

ಪುಡಿ ಮುಗಿದು ಮೂರು ದಿನ. ಡಾಕ್ಟರ ಹತ್ತಿರ ಇಲ್ಲ. ಚಿಕ್ಕಪೇಟೆಯಲ್ಲಿ ಕೇಳಿದೆ, ದಂಡಿನ ಕಡೆ ಕೇಳಿದೆ. ಮಕ್ಕಳಿಗೆ ಕೊಡುವ ಡಬ್ಬ ಇದೆ, ಅದರಲ್ಲಿ ಸಕ್ಕರೆಯೇ ಹೆಚ್ಚು. ಮುನಿವೆಂಕಟಮ್ಮನ ಎಮ್ಮೆ ಬತ್ತುತ್ತಿದೆ. ಇನ್ನರ್ಧ ಸೇರು ಕೊಡು ಎಂದರೆ, "ಎಮ್ಮೆ ಕೇಳ್ಬೇಕಲ್ಲ ಸ್ವಾಮಿ" ಎನ್ನುತ್ತಾಳೆ. ಕೊಡುವುದರಲ್ಲೂ ನೀರು ತಿರುಗಿ ಶುರುವಾಗಿದೆ. ಹೊಗಳಿಕೆಯ ಬಲ ಅಷ್ಟೇ ದಿನ.

ನಿನ್ನೆ ಹೆಜ್ಜೆಯ ಹಳ್ಳ ಅರ್ಧ ಮುಚ್ಚಿತ್ತು. ಇವತ್ತು ಪೂರ್ತಿ.

ಹುರಿಗಡಲೆ ತಂದೆ. ಅಕ್ಕ ಬಚ್ಚಲಲ್ಲಿರುವಾಗ ಕಾಫಿ ಮಿಷನ್ನಿಗೇ ಹಾಕಿ ಪುಡಿ ಮಾಡಿ, ನನ್ನ ಪಂಚೆಯ ತುದಿಯಲ್ಲಿ ಜರಡಿ ಹಿಡಿದೆ. ಎರಡು ಚಮಚ. ಕದಡಿ, ಕುದಿಸಿ, ಡಿಕಾಕ್ಷನ್ ಗಟ್ಟಿ ಮಾಡಿ ಕೊಟ್ಟೆ. ಕೇಳಬಹುದಿತ್ತು. ಕೇಳಿದರೆ ಬೇಡ ಎನ್ನುತ್ತಾಳೆ ಎಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಲೋಟ ಇಟ್ಟು ಮುಖ ನೋಡಲಾರದೆ ಸ್ಟೌ ಒರೆಸುತ್ತ ಕೂತೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಅವಳು ಕುಡಿದು ಲೋಟ ತೊಳೆದಿಟ್ಟಳು.

೨೭-೧೦-೫೯, ಮಂಗಳವಾರ. ಸಂಜೆ

ಐದು ಗಂಟೆಯ ಕಾಫಿ. ಲ್ಯಾಬಿನಿಂದ ತಡವಾಗಿ ಬಂದಿದ್ದೆ. ಅವಸರದಲ್ಲಿ ಕದಡಿದೆ.

ಅಕ್ಕ ಸುರಿದುಕೊಳ್ಳುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು. ನಾಲಗೆಯ ಮೇಲೆ ಏನೋ ಬಿದ್ದಿತ್ತು. ಬೆರಳಲ್ಲಿ ತೆಗೆದು, ಬೆಳಕಿಗೆ ಹಿಡಿದು, ಹೊಸಕಿ, ಮೂಸಿದಳು.

"ಹುರಿಗಡಲೆ ಹಿಟ್ಟು."

"ಚಿಕೋರಿ ಇರ್ಬೇಕು ಅಕ್ಕ."

"ನಲವತ್ತು ವರ್ಷ ಬೀಸಿದೀನಿ ಕಣೋ ಇದನ್ನ. ಎಷ್ಟು ದಿನದಿಂದ?"

"ಗುರುವಾರದಿಂದ."

"ಆರು ದಿನ" ಅಂದಳು. ಬೆರಳನ್ನು ಸೆರಗಿಗೆ ಒರೆಸಲಿಲ್ಲ, ಹಾಗೇ ದೂರ ಹಿಡಿದುಕೊಂಡಿದ್ದಳು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎರಡು ತಿಂಗಳಿಂದ ನಾನು ಪಟ್ಟ ಪಾಡೆಲ್ಲ ಆ ಒಂದು ಬೆರಳ ತುದಿಯಲ್ಲಿ ಎಂಜಲಾಗಿ ನಿಂತಿತ್ತು. ನನಗೆ ಸಿಟ್ಟು ಬಂತು. ವ್ರತ ವ್ರತ ಎಂದು ಸಾಯುತ್ತೀಯ ಎಂದೆ.

"ಸಾಯೋದು ಬೇರೆ ಸೇತು. ನೀನು ಸುಳ್ಳು ಹೇಳಿ ತಿನ್ಸಿದ್ದು ಬೇರೆ."

ಅಲ್ಲಿಗೆ ಸುಮ್ಮನಾಗಬೇಕಿತ್ತು. ನಾನು ಮಾತಿನಲ್ಲಿ ಗೆಲ್ಲಬೇಕಾಗಿತ್ತು. ಎದ್ದು ಹಸಿ ಕಾಫಿಬೀಜದ ಡಬ್ಬಕ್ಕೆ ಕೈ ಹಾಕಿದೆ. ಎರಡು ಬೀಜ ಆರಿಸಿ, ಚಪ್ಪಟೆ ಮುಖಕ್ಕೆ ಚಪ್ಪಟೆ ಮುಖ ಸೇರಿಸಿ, ಬೆರಳಲ್ಲಿ ಹಿಡಿದು ತೋರಿಸಿದೆ.

"ನೋಡು. ಹಣ್ಣಿನೊಳಗೆ ಇದು ಹೀಗಿರತ್ತೆ. ಎರಡು ಹೋಳು. ಇದೂ ದ್ವಿದಳವೇ. ವರ್ಷಾ ವರ್ಷಾ ಈ ತಿಂಗಳಲ್ಲಿ ದಿನಕ್ಕೆರಡು ಲೋಟ ಕುಡಿದು ವ್ರತ ಮುರೀತಾನೇ ಬಂದಿದೀಯ. ನನ್ನ ಎರಡು ಚಮಚ ಯಾವ ಲೆಕ್ಕ?"

ಅವಳು ನನ್ನ ಬೆರಳನ್ನೇ ಬಹಳ ಹೊತ್ತು ನೋಡಿದಳು.

"ಹೌದಲ್ಲೋ" ಅಂದಳು.

ಉಳಿದ ಕಾಫಿಯನ್ನು ಕರಿಬೇವಿನ ಬುಡಕ್ಕೆ ಹೊಯ್ದಳು. ಲೋಟ ಬೆಳಗಿ ಬೋರಲು ಹಾಕಿದಳು.

೩-೧೧-೫೯, ಮಂಗಳವಾರ

ಏಳು ದಿನ ಬರೆಯಲಿಲ್ಲ. ದೀಪಾವಳಿ ಬಂತು, ಹೋಯಿತು. ಮನೆಯಲ್ಲಿ ಎಣ್ಣೆನೀರಾಯಿತು ಅಷ್ಟೇ.

ಅಕ್ಕ ಕಾಫಿ ಬಿಟ್ಟಿದ್ದಾಳೆ. ಹೊಸಿಲ ಮೇಲೆ ಇಟ್ಟ ಲೋಟ ಹಾಗೇ ಆರುತ್ತದೆ, ಕೆನೆ ಕಟ್ಟುತ್ತದೆ. ಮೂರು ದಿನ ಇಟ್ಟೆ. ಆಮೇಲೆ ಇಡಲಿಲ್ಲ. ನಾನೂ ಕುಡಿಯುತ್ತಿಲ್ಲ. ತಲೆನೋವು ಬರುತ್ತದೆ. ಬರಲಿ.

ಅವಳಿಗೆ ನನ್ನ ಮೇಲೆ ಕೋಪವಿಲ್ಲ. ಅದೇ ಕಷ್ಟ. ಊಟಕ್ಕೆ ಕರೆಯುತ್ತಾಳೆ, ಅಂಗಿ ಗುಂಡಿ ಹಾಕಿಕೊಡುತ್ತಾಳೆ. ನಾನೇ ದುಡುಕಿ ಹೇಳಿದ್ದು ಎಂದು ಕಾಲಿಗೆ ಬೀಳುವುದೊಂದು ಬಾಕಿ. "ನೀನು ಹೇಳಿದ್ದು ಸರಿಯೇ ಇದೆಯಲ್ಲೋ, ನಂಗೇ ಇಷ್ಟು ವರ್ಷ ಹೊಳೀಲಿಲ್ಲ" ಎನ್ನುತ್ತಾಳೆ.

ಪುರೋಹಿತ ಚಕ್ರಪಾಣಿ ಆಚಾರ್ಯರ ಮನೆಗೆ ಹೋಗಿ ವಿಷಯ ಹೇಳಿದೆ. ಅವರು ನಕ್ಕುಬಿಟ್ಟರು. "ಸ್ಮೃತಿ ಬರೆದೋರು ಕಾಫಿ ಕಂಡಿದ್ರೇನಯ್ಯ? ಹೆಸರೇ ಇಲ್ಲ ಅಂದ್ಮೇಲೆ ನಿಷೇಧ ಎಲ್ಲಿಂದ ಬಂತು? ಕುಡೀಬಹುದು ಅಂತ ನಾನ್ ಹೇಳ್ದೆ ಅನ್ನು." ಓಡಿಬಂದು ಹೇಳಿದೆ. ಅಕ್ಕ ಹೂಬತ್ತಿ ಹೊಸೆಯುತ್ತ, "ಆಚಾರ್ರು ದಿನಕ್ಕೆ ನಾಲ್ಕು ಲೋಟ ಕುಡೀತಾರೆ. ಅವರು ಇನ್ನೇನ್ ಹೇಳ್ತಾರೆ" ಅಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿಕ್ಕಂದಿನಲ್ಲಿ ಇದನ್ನು ನನಗೆ ಕಾಪಿ ಬರೆಸಿದವಳೂ ಅವಳೇ.

ಹೆಜ್ಜೆ ನೋಡುವ ಅಗತ್ಯವಿಲ್ಲ ಈಗ. ಕಾಲಿನ ಹರಡು ದಪ್ಪಗೆ ಊದಿರುವುದು ದೂರದಿಂದಲೇ ಕಾಣುತ್ತದೆ.

೫-೧೧-೫೯, ಗುರುವಾರ

ಲ್ಯಾಬಿನಲ್ಲಿ ಬ್ಯುರೆಟ್ ತೊಳೆಯುವಾಗ ತಟ್ಟನೆ ಹೊಳೆಯಿತು. ಪೀಬರಿ. ಕೆಲವು ಹಣ್ಣಿನಲ್ಲಿ ಒಂದೇ ಕಾಳು ಬೆಳೆದು ಉರುಟಾಗಿರುತ್ತದೆ. ಜೊತೆಯ ಹೋಳು ಇಲ್ಲವೇ ಇಲ್ಲ. ರಜ ಹಾಕಿ ಗಾಂಧಿ ಬಜಾರಿಗೆ ಹೋದೆ. ಬೀಜದಂಗಡಿಯ ಗುರುಶಾಂತಪ್ಪನವರು ಒಂದು ಪೌಂಡು ಬರೀ ಪೀಬರಿ ತೂಗಿಸಿದರು. ಅದನ್ನೂ ಅವರ ಬೆಂಚಿನ ಮೇಲೆ ಕೂತು ಒಂದೊಂದೇ ಆರಿಸಿದೆ. ಒಂದು ಚಪ್ಪಟೆ ಕಾಳು ಉಳಿಯಬಾರದು. "ಏನ್ ಸಾರ್, ಮುತ್ತು ಪೋಣಿಸ್ತೀರಾ?" ಎಂದು ಅವರು ಕೇಳಿದರು.

ತಟ್ಟೆಯಲ್ಲಿ ಹಾಕಿ ಹೊಸಿಲ ಮೇಲಿಟ್ಟೆ. ಅಕ್ಕ ಒಂದು ಕಾಳು ತೆಗೆದು ನೆಲದ ಮೇಲೆ ಬಿಟ್ಟಳು. ಉರುಳಿಕೊಂಡು ನನ್ನ ಹತ್ತಿರ ಬಂತು.

"ಒಂಟಿ ಕಾಳು" ಅಂದಳು. ಮುಖದಲ್ಲಿ ನಗು ಬಂತು. ಎಷ್ಟೋ ದಿನದ ಮೇಲೆ. ನನಗೆ ಗೆದ್ದೆ ಅನ್ನಿಸಿತು.

"ಮಾಡಿಕೊಂಡು ಬರ್ಲಾ ಅಕ್ಕ?"

"ಕಾಳು ಸರಿ ಕಣೋ. ಲೋಟದೊಳಗೆ ಇನ್ನೇನಿದೆ ಅಂತ ನಂಗೆ ಹ್ಯಾಗೆ ಗೊತ್ತಾಗ್ಬೇಕು?"

"ಏನೂ ಹಾಕಲ್ಲ. ಆಣೆ ಮಾಡ್ತೀನಿ."

"ನಿನ್ನ ಕೈಲಿ ಆಣೆ ಮಾಡ್ಸಿಕೊಂಡು ಕಾಫಿ ಕುಡೀಲೇನೋ ನಾನು?" ಅಂದಳು. ಗದರಲಿಲ್ಲ. "ಬೇಡ. ಮುಂದಿನ ಗುರುವಾರ ಉತ್ಥಾನ ದ್ವಾದಶಿ. ವ್ರತ ಮುಗಿಯತ್ತೆ. ಅವತ್ತು ಬೆಳಿಗ್ಗೆ ಕೊಡು, ಕುಡೀತೀನಿ."

ಬೀಜದಿಂದ ಅಲ್ಲ ಅವಳು ಕಾಫಿ ಬಿಟ್ಟದ್ದು. ಇಷ್ಟು ದಿನ ನಾನು ಬೀಜದ ಹಿಂದೆ ಅಲೆದೆ. ಮೂವತ್ನಾಲ್ಕು ವರ್ಷ ನನ್ನ ಲೋಟದೊಳಗೆ ಏನಿದೆ ಎಂದು ಅವಳು ಒಂದು ದಿನವೂ ಇಣುಕಿ ನೋಡಿರಲಿಲ್ಲ.

ಇನ್ನು ಏಳು ದಿನ.

೯-೧೧-೫೯, ಸೋಮವಾರ

ಡಾಕ್ಟರ್ ಬಂದಿದ್ದರು. ನೀರು ಹೊಟ್ಟೆಗೆ ಬಂದಿದೆ. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ನೀರು ಇಳಿಸುವ ಇಂಜೆಕ್ಷನ್ ಕೊಟ್ಟರು. ಆಸ್ಪತ್ರೆಗೆ ಹೋಗೋಣ ಎಂದರು. "ದ್ವಾದಶಿ ಆಗ್ಲಿ ಡಾಕ್ಟ್ರೇ, ನೀವು ಹೇಳಿದ್ದೆಲ್ಲ ಕೇಳ್ತೀನಿ" ಎಂದಳು ಅಕ್ಕ. ಏಕಾದಶಿ ಉಪವಾಸ ಮಾತ್ರ ಕೂಡದು ಎಂದು ಅವರು ಕೈ ಮುಗಿದು ಹೇಳಿದರು. ಅವಳೂ ಕೈ ಮುಗಿದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಗೇಟಿನ ಹತ್ತಿರ ಡಾಕ್ಟರ್, "ಕಾಫಿ ನಡೀತಾ ಇದೆಯಲ್ಲ?" ಎಂದು ಕೇಳಿದರು. ಇಲ್ಲ ಎಂದೆ. ಏಕೆ ಎಂದರು. ಗೇಟಿನ ಚಿಲಕ ತೆಗೆದು ಹಿಡಿದೆ. ಹೊಸ ಡಬ್ಬ ಬಂದಿದೆಯಂತೆ ಅವರ ಹತ್ತಿರ. ಕೊಟ್ಟು ಕಳಿಸಿದರು. ಮೂರು ವಾರ ಮುಂಚೆ ಬರಬಾರದಾಗಿತ್ತೇ.

ಮುನಿವೆಂಕಟಮ್ಮ ಹಾಲು ಅಳೆದು ಹೋಗುವಾಗ ಒಳಗೆ ಇಣುಕಿ ನೋಡಿದಳು. "ಅಕ್ಕಾರ ಮೊಕದಾಗೆ ನೆಳ್ಳು ಬಿದ್ದದೆ ಸ್ವಾಮಿ" ಅಂದಳು. ಕೊಸರು ಎಂದು ಅರ್ಧ ಪಾವು ಹೆಚ್ಚು ಹೊಯ್ದಳು. ನೀರಿಲ್ಲದ ಹಾಲು.

೧೧-೧೧-೫೯, ಬುಧವಾರ. ಏಕಾದಶಿ

ನೀರೂ ಮುಟ್ಟಿಲ್ಲ. ಗೋಡೆಗೆ ದಿಂಬು ಒರಗಿಸಿ ಕೂತೇ ಇದ್ದಾಳೆ. ಮಲಗಿದರೆ ಉಸಿರು ಸಿಕ್ಕುವುದಿಲ್ಲ. ಕೂತಲ್ಲೇ ತುಳಸಿ ಎಲೆ ಬಿಡಿಸಿಟ್ಟಳು.

ನಾನು ಪೀಬರಿ ಹುರಿದೆ. ವಾಸನೆ ಮನೆಯೆಲ್ಲ ತುಂಬಿತು. "ಕಪ್ಪಗೆ ಮಾಡ್ಬೇಡ್ವೋ" ಎಂದಳು ಒಳಗಿಂದ. ಮಿಷನ್ನಿನ ತಿರುಪು ಸಡಿಲ ಮಾಡಿ ಪುಡಿ ಮಾಡಿದೆ. ಫಿಲ್ಟರ್ ಹುಣಿಸೆಹಣ್ಣು ಹಾಕಿ ಬೆಳಗಿಟ್ಟಿದ್ದೇನೆ.

ನಾಳೆ ಏನೂ ಹಾಕುವುದಿಲ್ಲ. ಹಾಲು, ಡಿಕಾಕ್ಷನ್, ಸಕ್ಕರೆ. ಡಬ್ಬ ಮುಂದೆಯೇ ಇದೆ, ವ್ರತಕ್ಕೂ ಅಡ್ಡಿಯಿಲ್ಲ. ಆದರೂ ಮೊದಲ ಲೋಟ ಬರೀ ಕಾಫಿ ಆಗಿರಬೇಕು. ಅವಳು ಕೇಳಿದರೆ ಇಲ್ಲ ಎಂದು ಹೇಳಬೇಕು, ಅದು ನಿಜವಾಗಿರಬೇಕು. ನಾಡಿದ್ದಿನಿಂದ ಕೇಳಿಕೊಂಡೇ ಹಾಕುತ್ತೇನೆ.

೧೪-೧೧-೫೯, ಶನಿವಾರ

ಬರೆಯಬೇಕು. ಬರೆದಿಡದಿದ್ದರೆ ನನಗೆ ನಾನೇ ಬೇರೆ ಥರ ಹೇಳಿಕೊಳ್ಳಲು ಶುರು ಮಾಡುತ್ತೇನೆ.

ಗುರುವಾರ ಬೆಳಿಗ್ಗೆ ಐದೂವರೆ. ಅಕ್ಕ ನಾನು ಬೇಡವೆಂದರೂ ಎದ್ದು ಬಚ್ಚಲಿಗೆ ಹೋಗಿ, ತಣ್ಣೀರು ಹೊಯ್ದುಕೊಂಡು, ಮಡಿ ಉಟ್ಟು ಬಂದಿದ್ದಳು. ಬಚ್ಚಲಿಂದ ಅಡುಗೆಮನೆಯ ದೇವರ ಗೂಡಿನ ತನಕ ಒದ್ದೆ ಹೆಜ್ಜೆ. ಹೆಜ್ಜೆ ಅಲ್ಲ, ಕಾಲು ಎಳೆದ ಗುರುತು. ಮಣೆಯ ಮೇಲೆ ಕೂತು ಗೋಡೆಗೆ ಒರಗಿ ತೀರ್ಥ ತೆಗೆದುಕೊಂಡಳು. ಪಾರಣೆಯಾಯಿತು. ನಾನು ಹೊಸಿಲ ಮೇಲೆ ಲೋಟ ಇಟ್ಟೆ.

ಲೋಟ ನೋಡಿದಳು. ನನ್ನ ಮುಖ ನೋಡಿದಳು.

"ಹಾಕಿದೀಯಾ?"

"ಇಲ್ಲ ಅಕ್ಕ. ಬರೀ ಕಾಫಿ."

"ಡಾಕ್ಟ್ರು ಡಬ್ಬ ಕೊಟ್ಟಿದ್ರಲ್ಲೋ."

ಅವಳಿಗೆ ಡಬ್ಬದ ವಿಷಯ ಗೊತ್ತಿತ್ತು. ಯಾವಾಗಿನಿಂದ ಎಂದು ನಾನು ಕೇಳಲಿಲ್ಲ. ಮುನಿವೆಂಕಟಮ್ಮನನ್ನು ಹೊಗಳಿದ ದಿನದಿಂದಲೇ ಇರಬಹುದು.

"ಹಾಕಿಲ್ಲ" ಎಂದೆ.

"ವ್ರತ ಮುಗೀತಲ್ಲ. ಹಾಕ್ಕೊಂಡು ಬಾ" ಅಂದಳು. ಉಸಿರು ಎಳೆದುಕೊಂಡು, "ಗಂಟಿಲ್ಲದ ಹಾಗೆ" ಅಂದಳು. ನಗುತ್ತಿದ್ದಳು. ಅದು ನಗುವೇ, ನಾನು ಸರಿಯಾಗಿ ನೋಡಿದ್ದೇನೆ.

ಲೋಟ ತೆಗೆದುಕೊಂಡು ಜಗಲಿಗೆ ಹೋದೆ. ಎರಡು ಚಮಚ ಪುಡಿ. ಉಗುರುಬೆಚ್ಚಗಿನ ನೀರು. ಅವಸರ ಮಾಡಲಿಲ್ಲ. ಚಮಚದ ಬೆನ್ನಿನಲ್ಲಿ ಒತ್ತಿ ಒತ್ತಿ ಒಂದೊಂದೇ ಗಂಟು ಒಡೆದೆ. ಕಾಫಿ ಹೊಯ್ದು ತಿರುವಿದೆ. ಬಟ್ಟೆಯಲ್ಲಿ ಸೋಸಿದೆ. ಬಟ್ಟೆಯ ಮೇಲೆ ಏನೂ ಉಳಿಯಲಿಲ್ಲ. ಎರಡು ನಿಮಿಷ. ಹೆಚ್ಚೆಂದರೆ ಮೂರು.

ತಂದು ಹೊಸಿಲ ಮೇಲಿಟ್ಟೆ. ಅಕ್ಕ ಗೋಡೆಗೆ ಒರಗಿಯೇ ಇದ್ದಳು. ಕತ್ತು ವಾಲಿತ್ತು. ಕರೆದೆ. ಇನ್ನೊಂದು ಸಲ ಕರೆದೆ. ಮಡಿಯಲ್ಲಿದ್ದಾಳೆ, ಮುಟ್ಟಬಾರದು ಎಂದು ಹೊಸಿಲ ಈಚೆ ನಿಂತೇ ಕರೆದೆ. ಇಷ್ಟೆಲ್ಲ ಮುರಿದವನು ಅದೊಂದನ್ನು ಇಟ್ಟುಕೊಂಡು ನಿಂತಿದ್ದೆ. ಕಾಫಿಯಿಂದ ಹಬೆ ಬರುತ್ತಿತ್ತು. ಮೂರನೆಯ ಸಲ ಕರೆದು, ಹೊಸಿಲು ದಾಟಿ ಅವಳನ್ನು ಮುಟ್ಟಿದೆ. ಉಸಿರು ನಿಂತಿತ್ತು.